ಸೋಮವಾರದ ಉಸಿರು

ಬಚ್ಚಲ ಬಾಗಿಲ ಕೆಳಗಿನ ಸಂದಿಗೆ ಒಳಗಿನಿಂದ ತಮ್ಮ ತುರುಕಿದ್ದು ಇವತ್ತೂ ಅಕ್ಕನ ಟವೆಲ್ಲೇ. ನೀಲಿ ಅಂಚು ಹೊರಗೆ ಇಣುಕುತ್ತಿತ್ತು. ಅವನಿಗೆ ತನ್ನವೇ ಎರಡು ಟವೆಲ್ಲುಗಳಿದ್ದವು. ಒಂದು ಕುರ್ಚಿಯ ಬೆನ್ನಿನ ಮೇಲೆ ಒಣಗಿ ರಟ್ಟಾಗಿತ್ತು, ಇನ್ನೊಂದು ಎಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಗಾಂಜಾದ ಹೊಗೆಯನ್ನು ತಡೆಯುವ ಯೋಗ್ಯತೆ ಮಾತ್ರ ಅಕ್ಕನ ಟವೆಲ್ಲಿಗೇ ಇದ್ದದ್ದು. ತಡೆಯುತ್ತಿತ್ತೇ ಎಂದರೆ ಅದೂ ಇಲ್ಲ. ಅಡುಗೆಮನೆಯಲ್ಲಿ ಊಟದ ಡಬ್ಬಿ ತುಂಬುತ್ತಿದ್ದವಳ ಮೂಗಿಗೆ ಆ ಸುಟ್ಟ ಹುಲ್ಲಿನ ವಾಸನೆ ಎಂದಿನಂತೆ ಬಂದು ಬಡಿಯಿತು. ಇದನ್ನು ತನ್ನ ಕೂದಲಲ್ಲಿ, ಸೀರೆಯಲ್ಲಿ ಹೊತ್ತುಕೊಂಡು ಹೋಗಿ, ಗಾಂಜಾ ಸೇದುವವರ ಶ್ವಾಸಕೋಶದ ಮೇಲೆ ಸಂಶೋಧನೆ ನಡೆಯುವ ಕೋಣೆಯಲ್ಲಿ ದಿನವಿಡೀ ಕೂರಬೇಕು. ಬಂದವರು ಮೂಗೇರಿಸಿ ನೋಡಿದರೆ, ಅದು ನಿಮ್ಮದೇ ವಾಸನೆ ಎಂಬಂತೆ ಮುಖ ಮಾಡಬೇಕು.

"ಎಷ್ಟು ಹೊತ್ತೋ? ನಂಗೆ ಕೆಲಸಕ್ಕೆ ತಡ ಆಗ್ತಿದೆ."

"ಬಂದೆ ಅಕ್ಕ, ಒಂದೇ ನಿಮಿಷ."

ಸಂಸಾರ ಮುರಿದುಕೊಂಡು, ಎರಡು ತಿಂಗಳ ಮಟ್ಟಿಗೆ ಎಂದು ಬಂದು ಚೀಲ ಇಳಿಸಿದವನ ಆ ಒಂದೇ ನಿಮಿಷಕ್ಕೆ ಈಗ ಆರು ವರ್ಷ ತುಂಬಿತ್ತು. ಬಾಗಿಲ ಹಿಂದೆ ಕೆಮ್ಮು ಶುರುವಾಯಿತು. ಬೆಳಗಿನ ಮೊದಲ ಕೆಮ್ಮು, ಒದ್ದೆ ಕೆಮ್ಮು, ಎಲ್ಲಿಂದಲೋ ಏನನ್ನೋ ಎಳೆದು ತರುವ ಕೆಮ್ಮು. ಅವಳು ಫ್ರಿಜ್ಜಿನ ಕಡೆ ನೋಡಬಾರದೆಂದುಕೊಂಡೇ ನೋಡಿದಳು. ಊರಿನವರ ಫ್ರಿಜ್ಜುಗಳನ್ನೆಲ್ಲ ರಿಪೇರಿ ಮಾಡುವವನ ಮನೆಯ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಆದರೆ ಅದರ ಮೇಲೆ ಆಯಸ್ಕಾಂತವಿಟ್ಟು ಅಂಟಿಸಿದ ಚೀಟಿ ಎರಡು ವರ್ಷದಿಂದ ಅಲುಗಿರಲಿಲ್ಲ. ಯಾರೂ ಇಲ್ಲದ ಒಂದು ಭಾನುವಾರ ಅವಳೇ ಅವನನ್ನು ಕರೆದುಕೊಂಡು ಹೋಗಿ, ಸಂಶೋಧನೆಯ ಲೆಕ್ಕಕ್ಕೆ ಹಿಡಿಯದೆ ಕದ್ದು ಊದಿಸಿದ ಪರೀಕ್ಷೆಯ ಚೀಟಿ. ನಂಬರು ನೋಡಿಯಾದರೂ ಹೆದರಲಿ ಎಂಬ ಆಸೆ ಅವಳದು. ಅವನ ವಯಸ್ಸು, ಎತ್ತರಕ್ಕೆ ಇರಬೇಕಾದ ಉಸಿರಿಗಿಂತ ಹೆಚ್ಚು, ನೂರ ಹದಿನೆಂಟು ಪರ್ಸೆಂಟ್ ಬಂತು. ಅವತ್ತಿನಿಂದ ಅವನು ಯಾವ ಮಾತಿಗೂ ಆ ಚೀಟಿಯ ಕಡೆ ಬೆರಳು ತೋರಿಸುತ್ತಾನೆ. ಆ ಚೀಟಿಯ ಎದುರಿಗೇ ನಿಂತು ಕೆಮ್ಮುತ್ತಾನೆ. ತಲೆ ಚಚ್ಚಿಕೊಳ್ಳುವುದಾದರೂ ಯಾವ ಗೋಡೆಗೆ?

ಇವತ್ತು ಸೋಮವಾರ ಎಂಬುದು ಚಪ್ಪಲಿ ಹಾಕಿಕೊಳ್ಳುವಾಗ ನೆನಪಾದಂತೆ ನಟಿಸಿದಳು, ತನ್ನ ಮುಂದೆಯೇ. ನಿಜ ಹೇಳಬೇಕೆಂದರೆ ಶನಿವಾರದಿಂದ ಅದೇ ನೆನಪು. ಮೂರನೇ ಮಹಡಿಯ ಕೋಣೆಗೆ ಹತ್ತುವ ಮೆಟ್ಟಿಲು ಅರವತ್ತಾರು. ಲಿಫ್ಟಿನ ಬಾಗಿಲಿಗೆ ಅಂಟಿಸಿದ 'ಕೆಟ್ಟಿದೆ' ಎಂಬ ಕಾಗದವೇ ಹಳದಿಯಾಗಿ ಕೆಟ್ಟಿತ್ತು. ಎರಡನೇ ತಿರುವಿನಲ್ಲಿ ನಿಂತು ಕೈಚೀಲದೊಳಗೆ ಕೈಯಾಡಿಸಿದಳು. ಏನೂ ಹುಡುಕುತ್ತಿರಲಿಲ್ಲ. ಈ ನಿಲ್ಲುವುದು ಶುರುವಾಗಿ ನಾಲ್ಕೈದು ತಿಂಗಳಾಗಿತ್ತು, ಮೊದಮೊದಲು ಫೋನು ನೋಡುತ್ತಿದ್ದಳು, ಈಗ ಚೀಲ. ಇನ್ನೊಂದು ವರ್ಷಕ್ಕೆ ನಿವೃತ್ತಿಯಾಗುವ ಕಡತ ಹೊರುವವರು ಎರಡೂ ತೋಳಿನಲ್ಲಿ ಕಟ್ಟುಗಳನ್ನು ಹಿಡಿದು ಅವಳನ್ನು ದಾಟಿ ಹೋದರು. "ಏನಮ್ಮಾ, ದಿನಾ ಇಲ್ಲೇ ಕೀ ಮರೀತೀರಲ್ಲ?" ಎಂದರು, ನಕ್ಕರು, ಹತ್ತುತ್ತಲೇ ಒಂದು ಹಾಡನ್ನು ಗುನುಗಿದರು. ಹತ್ತುತ್ತ ಗುನುಗುವಷ್ಟು ಗಾಳಿ ಆ ಮುದುಕರಿಗೆ! ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು, ಅದು ಅವರ ಮೇಲಿನದಲ್ಲವೆಂದು ಗೊತ್ತಿದ್ದೂ ಬಂತು.

ನಾಲ್ಕು ವರ್ಷದಿಂದ ಅವಳ ಕೆಲಸವೆಂದರೆ ಕಿರುಚುವುದು. ಗಾಂಜಾ ಸೇದುವವರು, ಸೇದದವರು, ಒಟ್ಟು ನಾನೂರ ಹನ್ನೆರಡು ಜನ, ಹೆಸರಿಲ್ಲ, ಬರೀ ನಂಬರು. ಒಬ್ಬೊಬ್ಬರಾಗಿ ಬಂದು ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡು, ರಟ್ಟಿನ ಕೊಳವೆಯನ್ನು ಬಾಯಲ್ಲಿ ಕಚ್ಚಿ, ಎದೆ ತುಂಬ ಎಳೆದು ಒಂದೇ ಸಮ ಊದಬೇಕು. ಮನುಷ್ಯನ ಸ್ವಭಾವ ಹೇಗೆಂದರೆ ಮುಕ್ಕಾಲು ಊದಿ ಮುಗಿಯಿತೆಂದು ನಿಲ್ಲಿಸುತ್ತಾನೆ. ಮುಗಿದಿರುವುದಿಲ್ಲ. ಆಗ ಪಕ್ಕದಲ್ಲಿ ನಿಂತವರು ಮೈಮೇಲೆ ಬಂದವರ ಹಾಗೆ "ಊದಿ ಊದಿ ಊದಿ, ಇನ್ನೂ ಇದೆ, ಇನ್ನೂ ಇದೆ, ಬಿಡಬೇಡಿ" ಎಂದು ಕೂಗಬೇಕು. ಮೂರು ಸಲ ಊದಿಸಬೇಕು, ಮೂರೂ ಹೆಚ್ಚು ಕಡಿಮೆ ಒಂದೇ ಬಂದರೆ ಅದು ಆ ಮನುಷ್ಯನ ನಿಜವಾದ ಉಸಿರು. ಬೇರೆ ಬೇರೆ ಬಂದರೆ ಸುಳ್ಳು ಊದಿದ್ದಾನೆ ಎಂದರ್ಥ. ಅವಳ ಕೂಗು ಕಾರಿಡಾರಿನ ಆಚೆಯ ತುದಿಗೂ ಕೇಳುತ್ತಿದ್ದುದರಿಂದ ಅವಳಿಗೆ 'ಊದಮ್ಮ' ಎಂದು ಹೆಸರು ಬಿದ್ದಿತ್ತು. ಬಿದ್ದರೆ ಬೀಳಲಿ. ಆದರೆ ಇಷ್ಟು ಕೂಗಿ ಕಂಡದ್ದೇನು? ಬರೀ ಗಾಂಜಾ ಸೇದುವವನೆಂಬ ಪ್ರಾಣಿ ಸಿಗುವುದೇ ಇಲ್ಲ. ಒಬ್ಬ ತಂಬಾಕು ಬೆರೆಸುತ್ತಾನೆ. ಇನ್ನೊಬ್ಬ 'ವಾರಕ್ಕೆ ಎಷ್ಟು' ಎಂದರೆ 'ಕೊಟ್ಟಷ್ಟು' ಎನ್ನುತ್ತಾನೆ. ಐದು ಜನ ಕೈಯಿಂದ ಕೈಗೆ ದಾಟಿಸಿದ್ದನ್ನು ಒಂದೆಂದು ಬರೆಯಬೇಕೋ ಐದನೇ ಒಂದೆಂದು ಬರೆಯಬೇಕೋ ಎಂದು ಹೋದ ವರ್ಷ ಒಂದು ಮಧ್ಯಾಹ್ನವಿಡೀ ಸಭೆ ನಡೆದಿತ್ತು. ಕೊನೆಗೆ ಬಂದ ಉತ್ತರ ನೋಡಿದರೆ, ಸೇದುವವರ ಉಸಿರು ಸೇದದವರಿಗಿಂತ ತುಸು ಹೆಚ್ಚು. ಎದೆ ತುಂಬ ಎಳೆದು ಹಿಡಿದಿಡುವ ಅಭ್ಯಾಸದಿಂದಲೂ ಇರಬಹುದು, ಕೆಮ್ಮು ಕಫ ಮಾತ್ರ ಅವರಿಗೇ ಜಾಸ್ತಿ, ಮುಂದೇನಾಗುತ್ತದೋ ಗೊತ್ತಿಲ್ಲ. ಬಸ್ಸಿನಲ್ಲಿ, ಮದುವೆಯಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಜನ ಕೇಳುವುದು ಒಂದೇ: ಒಳ್ಳೇದಾ, ಕೆಟ್ಟದ್ದಾ? ಸಂಶೋಧನೆ ನಡೆಸುವ ದೊಡ್ಡ ಡಾಕ್ಟರು ಮೊದಲ ದಿನವೇ ತಾಕೀತು ಮಾಡಿದ್ದರು. ಒಳ್ಳೇದು ಕೆಟ್ಟದ್ದು ಅನ್ನೋ ಎರಡು ಮಾತು ನಿಮ್ಮ ಬಾಯಲ್ಲಿ ಬರಕೂಡದು, ಹೇಳೋಕಾಗಲ್ಲ ಅನ್ನಿ. ನಾಲ್ಕು ವರ್ಷದಿಂದ ಹೇಳೋಕಾಗಲ್ಲ, ಹೇಳೋಕಾಗಲ್ಲ ಎಂದು ಹೇಳಿ ಹೇಳಿ ಅವಳಿಗೆ ಮನೆಯಲ್ಲೂ ಏನನ್ನೂ ಹೇಳಲಾಗದೆ ಹೋಗಿತ್ತು.

ಕೋಣೆಯ ಬೀಗ ತೆಗೆದು ಕಿಟಕಿ ತೆರೆದಳು. ಸೋಮವಾರ ಬೆಳಿಗ್ಗೆ ಮೊದಲು ಯಂತ್ರದ ಪರೀಕ್ಷೆ. ಸರಿಯಾಗಿ ಮೂರು ಲೀಟರ್ ಗಾಳಿ ಹಿಡಿಯುವ, ಮಗುವಿನ ತೊಡೆಯಷ್ಟು ದಪ್ಪದ ಸಿರಿಂಜನ್ನು ಯಂತ್ರಕ್ಕೆ ಸಿಕ್ಕಿಸಿ ತಳ್ಳಿದಳು. ಮೂರು ಎಂದಿತು. ಇನ್ನೊಮ್ಮೆ ನಿಧಾನವಾಗಿ ತಳ್ಳಿದಳು, ಮೂರು. ಸಿಟ್ಟಿನಿಂದ ತಳ್ಳಿದಳು, ಆಗಲೂ ಮೂರು. ಇದಾದ ಮೇಲೆ ಎರಡನೆಯ ಪರೀಕ್ಷೆ. ಸಿರಿಂಜು ಲೋಹದ್ದು, ಅದರ ಗಾಳಿ ಮನುಷ್ಯನ ಗಾಳಿಯಲ್ಲ. ಆದ್ದರಿಂದ ಆರೋಗ್ಯವಾಗಿರುವ, ಯಾವತ್ತೂ ಏನನ್ನೂ ಸೇದದ ಒಬ್ಬರು ಪ್ರತಿ ವಾರ ಊದಬೇಕು, ಆ ನಂಬರು ವಾರದಿಂದ ವಾರಕ್ಕೆ ಬದಲಾಗದಿದ್ದರೆ ಯಂತ್ರ ಸರಿಯಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಆ ಆರೋಗ್ಯವಂತ ವ್ಯಕ್ತಿ ಅವಳೇ. ಮೊದಲ ದಿನ ಡಾಕ್ಟರು "ನಿಮ್ಮ ಉಸಿರೇ ನಮಗೆ ಅಳತೆಗೋಲು" ಎಂದಾಗ ಅವಳು ಉಬ್ಬಿ ಹೋಗಿದ್ದಳು, ಮನೆಗೆ ಹೋಗಿ ತಮ್ಮನಿಗೆ ಎರಡೆರಡು ಸಲ ಹೇಳಿದ್ದಳು. ಮೂರು ಪಾಯಿಂಟ್ ಎರಡು ಲೀಟರ್. ಸಿರಿಂಜಿಗಿಂತ ಹೆಚ್ಚು! ಮೂರು ವರ್ಷ ಮೂರು ಪಾಯಿಂಟ್ ಎರಡು. ಆಮೇಲೆ ಒಂದು ಸೋಮವಾರ ಮೂರು ಪಾಯಿಂಟ್ ಒಂದು ಬಂದಾಗ ನೆಗಡಿಯಿರಬೇಕು ಎಂದುಕೊಂಡಳು. ಎರಡು ಪಾಯಿಂಟ್ ಒಂಬತ್ತು ಬಂದ ದಿನ ಪೆನ್ನು ಹಿಡಿದ ಕೈ ತಾನಾಗಿಯೇ ಮೂರು ಪಾಯಿಂಟ್ ಎರಡು ಎಂದು ಬರೆಯಿತು. ಕೈ ಬರೆಯಿತು ಎನ್ನುವುದು ಕೈಯ ಮೇಲೆ ಹಾಕುವ ಮಾತು, ಬರೆದದ್ದು ಅವಳೇ. ಹಾಗೆ ಹನ್ನೊಂದು ಸೋಮವಾರ. ಮುಂದಿನ ವಾರ ಸರಿಹೋಗುತ್ತದೆ, ಆಗ ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ಪ್ರತಿ ವಾರವೂ.

ಇವತ್ತು ಒಬ್ಬಳೇ ನಿಂತು ಊದಿದಳು. ಎರಡು ಪಾಯಿಂಟ್ ಆರು. ಪುಸ್ತಕ ತೆರೆಯಲಿಲ್ಲ, ಕುರ್ಚಿಯಲ್ಲಿ ಕೂತಳು. ಹನ್ನೊಂದು ವಾರದಿಂದ ತಲೆಯಲ್ಲಿ ಸುತ್ತುತ್ತಿದ್ದದ್ದು ಮೂರೇ ಮಾತು. ಯಂತ್ರ ಕೆಟ್ಟಿದೆ, ಹಾಗಿದ್ದರೆ ನಾನೂರ ಹನ್ನೆರಡು ಜನರ ಉಸಿರು, ನಾಲ್ಕು ವರ್ಷ, ಎಲ್ಲ ನೀರಿನಲ್ಲಿ ಹೋಮ. ಅಥವಾ ಯಂತ್ರ ಸರಿಯಿದೆ, ತಾನು ಕೆಟ್ಟಿದ್ದೇನೆ. ಅಥವಾ ಎರಡೂ ಅಲ್ಲ, ಪಕ್ಕದಲ್ಲಿ ಕೂಗುವವರಿಲ್ಲದೆ ತಾನೂ ಎಲ್ಲರ ಹಾಗೆ ಮುಕ್ಕಾಲಿಗೆ ನಿಲ್ಲಿಸುತ್ತಿದ್ದೇನೆ. ಮೊದಲನೆಯದನ್ನು ಸಿರಿಂಜು ಈಗ ತಾನೇ ಮೂರು ಸಲ ಅಲ್ಲವೆಂದಿತು. ಉಳಿದದ್ದು ಎರಡು. ಮೂರನೆಯದು ನಿಜವಾಗಲಿ ಎಂದು ಅವಳು, ದೇವರನ್ನು ಕೇಳಿಕೊಳ್ಳದ ಹೆಂಗಸು, ಯಾರನ್ನೋ ಕೇಳಿಕೊಂಡಳು. ಅವಳಿಗೆ ಭಯವಾಗಿತ್ತು.

ದೊಡ್ಡ ಡಾಕ್ಟರು ಬಾಗಿಲಲ್ಲಿ ಅರ್ಧ ದೇಹ ಮಾತ್ರ ಒಳಗೆ ತಂದರು; ಪೂರ್ತಿ ಒಳಗೆ ಬಂದು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. "ನೋಡಮ್ಮ, ನಮ್ಮ ಸಂಶೋಧನೆ ಪೇಪರ್ ಬುಧವಾರ ಪ್ರಕಟಣೆಗೆ ಕಳಿಸ್ತಿದ್ದೀವಿ. ಯಂತ್ರದ ಪುಸ್ತಕ ಸಂಜೆ ನಾಲ್ಕಕ್ಕೆ ನನ್ನ ಟೇಬಲ್ ಮೇಲಿರಲಿ, ಪ್ರತಿ ಪುಟ ಸ್ಕ್ಯಾನ್ ಮಾಡಿ ಜೊತೆಗೆ ಹಾಕಬೇಕು."

"ಸರ್, ಆ ಪುಸ್ತಕದಲ್ಲಿ ಒಂದು..."

"ಏನು, ಸಿರಿಂಜು ಸರಿ ಇದೆ ತಾನೆ?"

"ಸಿರಿಂಜು ಸರಿ ಇದೆ ಸರ್."

"ಮತ್ತೇನು?"

ಮತ್ತೇನು ಎಂದು ಕೇಳುವ ಧಾಟಿಯಲ್ಲೇ ಮತ್ತೇನೂ ಇಲ್ಲ ಎಂಬ ಉತ್ತರವೂ ಇರುತ್ತದೆ. ಅವಳ ಬಾಯಿಂದ ಹೊರಟದ್ದು ಬೇರೆಯೇ. "ಸರ್, ಅರ್ಜಿಯ ಆ ಮೂವತ್ತೊಂದನೇ ಪ್ರಶ್ನೆ... ಮನೇಲಿ ಬೇರೆ ಯಾರಾದರೂ ಸೇದ್ತಾರಾ ಅಂತ. ಅದರದ್ದೇನು ಬಂತು?"

"ಓ, ಅದಾ. ಅದನ್ನ ಬಿಟ್ಟುಬಿಟ್ವಿ. ಅರ್ಧ ಜನ ಖಾಲಿ ಬಿಟ್ಟಿದ್ದಾರೆ. ಮುಂದೆ ನೋಡೋಣ." ಅರ್ಧ ದೇಹವೂ ಹೋಯಿತು.

ಬಿಟ್ಟುಬಿಟ್ಟರಂತೆ. ನಾನೂರ ಹನ್ನೆರಡು ಜನರ ಎದುರು ಕೂತು, ಮನೇಲಿ ಬೇರೆ ಯಾರಾದರೂ ಸೇದ್ತಾರಾ, ಹೌದು, ಇಲ್ಲ, ಹೌದು, ಇಲ್ಲ ಎಂದು ಟಿಕ್ ಹಾಕಿದ್ದು ಅವಳು. ಪ್ರತಿ ಸಲ ಆ ಪ್ರಶ್ನೆ ಓದುವಾಗ ಕಣ್ಣು ಕಾಗದದಿಂದ ಏಳುತ್ತಿರಲಿಲ್ಲ. ಖಾಲಿ ಬಿಟ್ಟವರ ಮೇಲೆ ಈಗ ರೇಗಿ ಏನು ಪ್ರಯೋಜನ, ಅವಳನ್ನೇ ಯಾರಾದರೂ ಕೇಳಿದ್ದರೆ ಅವಳೂ ಖಾಲಿ ಬಿಡುತ್ತಿದ್ದಳು. ಯಾಕೆಂದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು, ಅರ್ಜಿಯಲ್ಲಿ ಇಲ್ಲದ್ದು: ಕಿಟಕಿ ಮುಚ್ಚಿದವರು ಯಾರು? ಮೊದಲ ಎರಡು ವರ್ಷ ತಮ್ಮ ಹೊರಗೆ, ಮೆಟ್ಟಿಲ ಬಳಿ ನಿಂತು ಸೇದುತ್ತಿದ್ದ. ಕೆಳಗಿನ ಮನೆಯ ಟೀಚರಮ್ಮ ಒಂದು ಸಂಜೆ ಎಲ್ಲರೆದುರು, "ನೀವೇ ಆ ಸಂಶೋಧನೇಲಿ ಇರೋರು, ನಿಮ್ಮ ಮನೇದೇ ಹೀಗಾದ್ರೆ ಹೆಂಗ್ರೀ?" ಎಂದಿದ್ದರು. ಮುಖದ ಮೇಲೆ ಹೊಡೆದಂತಾಗಿತ್ತು. ಮೇಲೆ ಬಂದವಳೇ ತಮ್ಮನನ್ನು ಒಳಗೆಳೆದು, "ಇನ್ಮೇಲೆ ಒಳಗೇ ಸಾಯಿ! ಕಿಟಕಿ ಹಾಕ್ಕೋ, ಬಾಗಿಲ ಸಂದಿಗೆ ಏನಾದ್ರೂ ತುರುಕು, ಒಂದು ಹನಿ ವಾಸನೆ ಹೊರಗೆ ಹೋಗಕೂಡದು" ಎಂದಿದ್ದಳು. ಅವನು ಅಕ್ಕನ ಮಾತನ್ನು ಜನ್ಮದಲ್ಲಿ ಕೇಳಿದ್ದು ಅದೊಂದೇ. ನಾಲ್ಕು ವರ್ಷ ಚಾಚೂ ತಪ್ಪದೆ ಪಾಲಿಸಿದ. ಹೊರಗೆ ಹೋಗಬಾರದೆಂದ ಹೊಗೆ ಒಳಗಿದ್ದವರ ಎದೆಗೆ ಹೋಗುತ್ತದೆ ಎಂಬುದು, ಉಸಿರು ಅಳೆದು ಸಂಬಳ ತೆಗೆದುಕೊಳ್ಳುವವಳಿಗೆ ಹೊಳೆಯದೆ ಹೋಯಿತೇ? ಹೊಳೆದಿತ್ತು. ಟೀಚರಮ್ಮನ ಮುಖವೇ ದೊಡ್ಡದಾಗಿ ಕಂಡಿತ್ತು. ಅದೇ ಕಾರಣವೋ, ಬೇರೆ ಯಾವ ರೋಗವೋ, ಅದನ್ನೂ ಯಾರಿಂದಲೂ ಹೇಳಲಾಗದು. ಆ ಪ್ರಶ್ನೆಯನ್ನೇ ಬಿಟ್ಟುಬಿಟ್ಟಿದ್ದಾರೆ.

ಮಧ್ಯಾಹ್ನ ಎರಡಕ್ಕೆ ಬಂದವನು ನಂಬರು ಇನ್ನೂರ ಏಳು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು, ಇಪ್ಪತ್ತು ವರ್ಷದಿಂದ ಸೇದುತ್ತಿದ್ದವನು, ವರ್ಷಕ್ಕೊಮ್ಮೆ ಬಂದು ಯಂತ್ರವೇ ಬೆಚ್ಚುವಂತೆ ಊದಿ ಹೋಗುವವನು. ಇವತ್ತು ಅವನ ಕೊನೆಯ ಪರೀಕ್ಷೆ. ಬರುವ ದಾರಿಯಲ್ಲೇ ಸೇದಿ ಬಂದಿದ್ದ, ಅರ್ಜಿಯಲ್ಲಿ ಮಾತ್ರ 'ನಿನ್ನೆ' ಎಂದ. ಅವಳು ಎಂದಿನಂತೆ ಎದ್ದು ನಿಂತು, "ಊದಿ ಊದಿ ಊದಿ" ಎಂದು ಶುರು ಮಾಡಿದಳು. ಮೂರನೆಯ 'ಊದಿ'ಗೆ ಅವಳ ದನಿ ಕಟ್ಟಿತು, 'ಇನ್ನೂ ಇದೆ' ಎನ್ನಲು ಗಾಳಿಯೇ ಇರಲಿಲ್ಲ, ಮೇಜು ಹಿಡಿದುಕೊಂಡಳು. ಅವನು ಊದುತ್ತಲೇ ಕಣ್ಣು ತಿರುಗಿಸಿ ಅವಳನ್ನು ನೋಡಿದ. ಅವಳು ಕೂಗದಿದ್ದರೂ ಅವನದು ಐದು ಪಾಯಿಂಟ್ ಎರಡು, ಮೂರು ಸಲವೂ.

"ಯಾಕೆ ಮೇಡಂ, ಇವತ್ತು ಕೂಗು ಏಳ್ತಾ ಇಲ್ಲ?" ಎಂದ, ಮೂಗಿನ ಕ್ಲಿಪ್ ತೆಗೆಯುತ್ತ.

"ಏನಿಲ್ಲ. ನಿಮ್ದು ಆಯ್ತು, ಹೋಗಬಹುದು."

ಅವನು ಎದ್ದ, ಹೋಗಲಿಲ್ಲ. "ಹೋಗ್ಲಿ, ನಾಲ್ಕು ವರ್ಷ ಊದಿದ್ದೀನಿ, ಈಗ್ಲಾದ್ರೂ ಹೇಳಿ. ಇದು ಒಳ್ಳೇದಾ, ಕೆಟ್ಟದ್ದಾ?"

"ಹೇಳೋಕಾಗಲ್ಲ."

"ಥೂ, ನಮ್ ಮಾರ್ಕೆಟ್ಟೇ ವಾಸಿ. ಕೊಳೆತಿದ್ರೆ ಕೊಳೆತಿದೆ ಅಂತೀವಿ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಕೆಮ್ಮು ನಿಂತ ಮೇಲೆ, ತಾನೇ ಕೇಳಿಸಿಕೊಂಡು ಬೆರಗಾಗುವಂಥ ದನಿಯಲ್ಲಿ, "ನನಗೊಂದು ಸಹಾಯ ಮಾಡ್ತೀರಾ?" ಎಂದಳು. "ನಾನು ಊದ್ತೀನಿ. ನೀವು ಕೂಗಬೇಕು."

ಪರೀಕ್ಷೆಗೆ ಬಂದವನ ಕೈಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಯಾವ ನಿಯಮದಲ್ಲೂ ಇರಲಿಲ್ಲ. ಇರಲಿ. ಹೊಸ ರಟ್ಟಿನ ಕೊಳವೆ ಸಿಕ್ಕಿಸಿ, ಮೂಗಿಗೆ ಕ್ಲಿಪ್ ಹಾಕಿಕೊಂಡು, ಇಷ್ಟು ವರ್ಷ ಜನರನ್ನು ಕೂರಿಸುತ್ತಿದ್ದ ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯ ಎಡಗಾಲು ಅಲುಗುತ್ತದೆಂದು ಆಗಲೇ ಗೊತ್ತಾದದ್ದು. ಯಾರೂ ಹೇಳಿರಲಿಲ್ಲ, ಅಥವಾ ಅವಳು ಕೇಳಿಸಿಕೊಂಡಿರಲಿಲ್ಲ. ಎಳೆದಳು, ಎದೆಯ ಕೆಳಗಿನ ಮೂಲೆಯವರೆಗೂ ಎಳೆದಳು, ಬಿಟ್ಟಳು. ನಂಬರು ಇನ್ನೂರ ಏಳು, ಮಾರುಕಟ್ಟೆಯ ಅಂಗಳ ತುಂಬ ಜನ ನಿಂತಿದ್ದಾರೆ ಎಂಬಂತೆ, ಎರಡೂ ಕೈ ಎತ್ತಿದ. "ಊದಿ ಊದಿ ಊದಿ! ಇನ್ನೂ ಇದೆ, ಇನ್ನೂ ಇದೆ! ಬಿಡಬೇಡಿ ಅಕ್ಕ, ಇನ್ನೂ ಇದೆ!" ಅವಳದೇ ಮಾತುಗಳು, ಅವಳದೇ ಏರಿಳಿತ, ಅವಳಿಗಿಂತ ಹತ್ತುಪಟ್ಟು ಗಂಟಲು. ಮುಗಿಯಿತೆಂದು ಅವಳ ಎದೆ ಹೇಳಿತು, ಅವನು ಇಲ್ಲವೆಂದ, ಅವಳು ಇನ್ನೂ ಹಿಂಡಿದಳು, ಕಣ್ಣು ಕತ್ತಲಾಯಿತು, ಕಿವಿಯಲ್ಲಿ ನಾಡಿ ಬಡಿಯಿತು. ಇನ್ನೂ ಇದೆ ಎಂದು ತಾನು ಎಷ್ಟು ಜನರಿಗೆ, ಇಲ್ಲದಿದ್ದಾಗಲೂ, ಹೀಗೆ ಕಿರುಚಿದ್ದೇನೋ ಎನಿಸಿತು. "ಒಂದು ಸಲಾ!" ಎಂದು ಅವನು ಹರಾಜಿನ ಧಾಟಿಯಲ್ಲಿ ಮೇಜು ತಟ್ಟಿದ. ಕಾರಿಡಾರಿನಲ್ಲಿ ಕಡತದವರು ನಿಂತು ಬಗ್ಗಿ ನೋಡಿದರು. ನೋಡಲಿ. ಮತ್ತೆ ಎಳೆದಳು. "ಎರಡು ಸಲಾ!" ಸುಧಾರಿಸಿಕೊಂಡು ಮತ್ತೊಮ್ಮೆ. "ಮೂರು ಸಲಾ!"

ಎರಡು ಪಾಯಿಂಟ್ ಏಳು ಒಂದು. ಎರಡು ಪಾಯಿಂಟ್ ಆರು ಒಂಬತ್ತು. ಎರಡು ಪಾಯಿಂಟ್ ಏಳು ಸೊನ್ನೆ. ಹೆಚ್ಚೆಂದರೆ ನಾಲ್ಕು ಚಮಚ ನೀರಿನಷ್ಟು ಅಂತರ. ಇಷ್ಟು ಶುದ್ಧವಾಗಿ ಹೊಂದಿದ ಮೂರು ಉಸಿರುಗಳನ್ನು ಅವಳು ನಾನೂರ ಹನ್ನೆರಡು ಜನರಲ್ಲಿ ಹತ್ತು ಜನರಲ್ಲೂ ಕಂಡಿರಲಿಲ್ಲ. ಅಭ್ಯಾಸಬಲದಿಂದ, ಯಂತ್ರ ತೆರೆಯ ಮೇಲೆ ಎಳೆದ ಗೆರೆಯಲ್ಲಿ ತಪ್ಪು ಹುಡುಕಿದಳು, ಮಧ್ಯೆ ನಿಲ್ಲಿಸಿದ್ದೇ, ಕೆಮ್ಮಿದ್ದೇ, ತುಟಿಯ ಪಕ್ಕದಿಂದ ಗಾಳಿ ಸೋರಿದ್ದೇ ಎಂದು. ಏನೂ ಇರಲಿಲ್ಲ. ಯಂತ್ರ ಸರಿಯಿತ್ತು, ಸಂಶೋಧನೆ ಸರಿಯಿತ್ತು, ನಾಲ್ಕು ವರ್ಷ ಸರಿಯಿತ್ತು.

"ಪಾಸಾ ಅಕ್ಕ?" ಎಂದ ಅವನು, ಬೆವರೊರೆಸಿಕೊಳ್ಳುತ್ತ.

"ಚೆನ್ನಾಗಿ ಕೂಗಿದ್ರಿ," ಎಂದಳು.

ಅವನು ಹೋದ ಮೇಲೆ ಪುಸ್ತಕ ತೆರೆದಳು. ಬರೆದದ್ದನ್ನು ಅಳಿಸಬಾರದು, ಬಿಳಿ ಬಣ್ಣ ಬಳಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು. ಯಂತ್ರದ ನೆನಪಿನಲ್ಲಿ ಹಳೆಯ ನಂಬರುಗಳು ಹಾಗೇ ಇದ್ದವು, ಒಂದೊಂದನ್ನೇ ನೋಡಿ ಬರೆದಳು. ಹನ್ನೊಂದು ಗೆರೆ, ಹನ್ನೊಂದು ಸಹಿ. ಹನ್ನೆರಡನೆಯ ಸೋಮವಾರಕ್ಕೆ ಗೆರೆ ಬೇಕಾಗಲಿಲ್ಲ. ಕೆಲಸ ಹೋಗಬಹುದು. ಡಾಕ್ಟರು ಮೊದಲ ಸಲ ಪೂರ್ತಿ ದೇಹದೊಂದಿಗೆ ಒಳಗೆ ಬರಬಹುದು. ಬುಧವಾರ ಹೋಗಬೇಕಾದದ್ದು ಮುಂದಿನ ಬುಧವಾರ ಹೋಗಬಹುದು, ಜಗತ್ತೇನೂ ಬಾಯಿ ತೆರೆದು ಕಾಯುತ್ತಿಲ್ಲ. ಪುಸ್ತಕ ಮುಚ್ಚಿ ಫೋನು ತೆಗೆದುಕೊಂಡಳು.

"ಏನೇ ಅಕ್ಕ, ಈ ಹೊತ್ನಲ್ಲಿ?" ಹಿಂದೆ ಯಾರದೋ ಫ್ರಿಜ್ಜು ಗುಂಯ್‌ಗುಡುತ್ತಿತ್ತು.

"ನಿನ್ನ ಆ ಚೀಟಿ ಇದ್ಯಲ್ಲ, ಫ್ರಿಜ್ ಮೇಲೆ. ಅದನ್ನ ಸ್ವಲ್ಪ ಪಕ್ಕಕ್ಕೆ ಸರಿಸು. ಇನ್ನೊಂದಕ್ಕೆ ಜಾಗ ಬೇಕು."

"ಯಾರ್ದು? ನಿಂದಾ? ನೀನೂ ಊದಿದ್ಯಾ?" ಅವನ ದನಿಯಲ್ಲಿ ಹಬ್ಬವಿತ್ತು. "ಎಷ್ಟು ಬಂತೇ?"

"ಎರಡು ಪಾಯಿಂಟ್ ಏಳು."

ಅವನಿಗೆ ತನ್ನ ನಂಬರು ಬಿಟ್ಟರೆ ಬೇರೆ ಯಾವ ನಂಬರಿನ ಅರ್ಥವೂ ಗೊತ್ತಿರಲಿಲ್ಲ. ಬಸ್ಸಿನವರು, ಮದುವೆಯವರು, ಹಲ್ಲಿನ ಡಾಕ್ಟರು ಎಲ್ಲ ಕೇಳಿದ್ದನ್ನೇ ಕೇಳಿದ.

"ಅದು ಒಳ್ಳೇದಾ, ಕೆಟ್ಟದ್ದಾ?"

ಉತ್ತರ ನಾಲಿಗೆಯ ಮೇಲೆ ಸಿದ್ಧವಾಗಿತ್ತು, ನಾಲ್ಕು ವರ್ಷ ಹೇಳಿ ಸವೆದದ್ದು. ಅವಳು ಅದನ್ನು ನುಂಗಿಕೊಂಡಳು.

"ಕೆಟ್ಟದ್ದು ಕಣೋ," ಎಂದಳು.